ಚಳಿಗಾಲದ ರಜೆಯಲ್ಲಿ ಲಾರಮಿ: ಮಕ್ಕಳನ್ನು ನೋಡಲು ಹೋಗುವ ತಂದೆ-ತಾಯಿಯರಿಗೆ

ಹುಬ್ಬಳ್ಳಿ_ನಿವೃತ್ತ
ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ನನ್ನ ಮಗಳು ಅಮೆರಿಕದ ವಯೋಮಿಂಗ್ ರಾಜ್ಯದ ಲಾರಮಿಯಲ್ಲಿರುವ ವಿಶ್ವವಿದ್ಯಾಲಯದಲ್ಲಿ ವಾತಾವರಣ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದಾಳೆ. ಕಳೆದ ಚಳಿಗಾಲದ ರಜೆಯಲ್ಲಿ ನಾನೂ ನಮ್ಮ ಮನೆಯವರೂ ಅವಳ ಬಳಿ ಹೋಗಿ ಐದು ವಾರ ಇದ್ದು ಬಂದೆವು. ಹೊರಡುವ ಮೊದಲು ಆ ಊರಿನ ಬಗ್ಗೆ ಕನ್ನಡದಲ್ಲಿ ಏನಾದರೂ ಸಿಕ್ಕೀತೇ ಎಂದು ಹುಡುಕಿದ್ದೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳ ಬಗ್ಗೆ ಬೇಕಾದಷ್ಟು ಸಿಕ್ಕಿತು, ಲಾರಮಿಯ ಬಗ್ಗೆ ನನ್ನ ಕಣ್ಣಿಗೆ ಒಂದು ಸಾಲೂ ಬೀಳಲಿಲ್ಲ. ಮುಂದೆ ಹೋಗುವವರಿಗೆ ಉಪಯೋಗವಾಗಲಿ ಎಂದು ಕಂಡದ್ದನ್ನು ಬರೆಯುತ್ತಿದ್ದೇನೆ.

ಲಾರಮಿ ಬೆಟ್ಟದ ಊರೂ ಹೌದು, ಬಯಲಿನ ಊರೂ ಹೌದು. ಪೂರ್ವಕ್ಕೆ ಲಾರಮಿ ಬೆಟ್ಟಸಾಲು, ಪಶ್ಚಿಮಕ್ಕೆ ಮೆಡಿಸಿನ್ ಬೋ ಬೆಟ್ಟಸಾಲು, ನಡುವೆ ಗದಗದ ಕಡೆಯ ಎರೆಹೊಲಗಳಂತೆ ಕಣ್ಣು ಹಾಯುವಷ್ಟು ದೂರ ಮಟ್ಟಸವಾದ ಹುಲ್ಲುಗಾವಲು. ಅಲ್ಲಿ ನಿಂತವರಿಗೆ ತಾವು ಎತ್ತರದಲ್ಲಿದ್ದೇವೆ ಎಂದೇ ಅನ್ನಿಸುವುದಿಲ್ಲ. ಆದರೆ ಊರು ಇರುವುದು ಸಮುದ್ರಮಟ್ಟದಿಂದ 7,165 ಅಡಿ, ಅಂದರೆ ಸುಮಾರು 2,184 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930 ಮೀಟರ್. ಆ ತುದಿಗಿಂತ ಇನ್ನೂರೈವತ್ತು ಮೀಟರ್ ಮೇಲೆ ಗದಗದ ಬಯಲನ್ನು ಹಾಸಿದ್ದಾರೆ ಎಂದುಕೊಂಡರೆ ಊರಿನ ಚಿತ್ರ ಸರಿಯಾಗಿ ಮೂಡುತ್ತದೆ. ಮೊದಲ ಎರಡು ದಿನ ಮಗಳ ಮನೆಯ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಏದುಸಿರು ಬರುತ್ತಿತ್ತು. ನಮ್ಮ ಮನೆಯವರಿಗೆ ತಲೆನೋವು ಬಿಡಲಿಲ್ಲ. ಗಾಳಿ ಎಷ್ಟು ಒಣಗಿರುತ್ತದೆಂದರೆ ಮೂರನೆಯ ದಿನಕ್ಕೆ ತುಟಿ ಒಡೆದು, ಮೂಗು ಒರೆಸಿಕೊಂಡರೆ ಕರವಸ್ತ್ರದಲ್ಲಿ ರಕ್ತದ ಎಳೆ ಕಾಣುತ್ತಿತ್ತು. ರಕ್ತದೊತ್ತಡ ಇರುವವರು, ಹೃದಯದ ತೊಂದರೆ ಇರುವವರು ಇಲ್ಲಿಂದ ಹೊರಡುವ ಮೊದಲೇ ತಮ್ಮ ವೈದ್ಯರಲ್ಲಿ ಈ ಎತ್ತರದ ವಿಷಯವನ್ನು ಸ್ಪಷ್ಟವಾಗಿ ಹೇಳಿ ಕೇಳಿಕೊಳ್ಳಬೇಕು.

ಜನವಸತಿಯ ಪ್ರಮಾಣವೂ ನಮ್ಮ ಲೆಕ್ಕಕ್ಕೆ ಸಿಗುವಂಥದ್ದಲ್ಲ. ವಯೋಮಿಂಗ್ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ದೊಡ್ಡ ರಾಜ್ಯ; 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಆರು ಲಕ್ಷಕ್ಕೂ ಕಡಿಮೆ, ಅಂದರೆ ನಮ್ಮ ಧಾರವಾಡ ಒಂದು ಜಿಲ್ಲೆಯ ಮೂರನೆಯ ಒಂದು ಭಾಗವೂ ಇಲ್ಲ. ಲಾರಮಿಯಲ್ಲಿ ಇರುವವರು ಮೂವತ್ತೊಂದು ಸಾವಿರ ಚಿಲ್ಲರೆ. ವಿಶ್ವವಿದ್ಯಾಲಯವನ್ನು ತೆಗೆದರೆ ಊರಿನ ಜೀವವೇ ಹೋದಂತೆ. ಸೆಮಿಸ್ಟರ್ ಡಿಸೆಂಬರ್ ಮಧ್ಯದಲ್ಲಿ ಮುಗಿದು ಜನವರಿಯ ಮೂರನೆಯ ವಾರದ ಹೊತ್ತಿಗೆ ಮತ್ತೆ ಆರಂಭವಾಗುತ್ತದೆ. ನಾವು ಹೋದದ್ದು ಸರಿಯಾಗಿ ಆ ಖಾಲಿ ದಿನಗಳಲ್ಲಿ.

ಈಗ ರಸ್ತೆಯ ವಿಷಯ. ಡೆನ್ವರ್‌ನಲ್ಲಿ ವಿಮಾನ ಇಳಿದು ವ್ಯಾನಿನಲ್ಲಿ ಹೊರಟರೆ ಎರಡೂವರೆ ಗಂಟೆಯ ದಾರಿ. ನಾವು ಶಯೆನ್ ಮುಟ್ಟುವಷ್ಟರಲ್ಲಿ ಮುಂದಿನ ಎಂಬತ್ತು ಕಿಲೋಮೀಟರ್ ಹೆದ್ದಾರಿಯನ್ನು ಗಾಳಿ-ಹಿಮದ ಕಾರಣದಿಂದ ಮುಚ್ಚಿದ್ದರು. ಮುಚ್ಚುವುದೆಂದರೆ ಎಚ್ಚರಿಕೆಯ ಫಲಕ ಹಾಕಿ ಬಿಡುವುದಲ್ಲ; ನಮ್ಮ ಲೆವೆಲ್ ಕ್ರಾಸಿಂಗಿನಲ್ಲಿ ಇರುವಂಥ ಗೇಟನ್ನೇ ಇಳಿಸಿ ದಾರಿ ಬಂದ್ ಮಾಡುತ್ತಾರೆ. ಮಗಳ ಮನೆ ಒಂದು ಗಂಟೆಯ ದೂರದಲ್ಲಿದ್ದರೂ ಆ ರಾತ್ರಿ ಶಯೆನ್‌ನ ಒಂದು ವಸತಿಗೃಹದಲ್ಲಿ ಕಳೆದೆವು. ನಮ್ಮ ಮನೆಯವರು ಮಗಳಿಗೆಂದು ಮಾಡಿ ತಂದಿದ್ದ ಕರದಂಟಿನ ಡಬ್ಬಿ ತೆಗೆಯಲು ಒಪ್ಪದೆ, ಬರೀ ಚಹಾ ಕುಡಿದು ಮಲಗಿದರು. ಬೆಳಿಗ್ಗೆ ಗೇಟು ತೆರೆದಾಗ ಆಕಾಶ ತಿಳಿನೀಲಿಯಾಗಿತ್ತು, ಬಿಸಿಲೂ ಇತ್ತು, ಆದರೆ ರಸ್ತೆಯ ಮೇಲೆ ಮೊಣಕಾಲೆತ್ತರಕ್ಕೆ ಹಿಮದ ಪುಡಿ ಹೊಳೆಯ ನೀರಿನಂತೆ ಅಡ್ಡಲಾಗಿ ಹರಿಯುತ್ತಿತ್ತು. ಮೇಲಿನಿಂದ ಒಂದು ಹನಿಯೂ ಬೀಳದೆ, ಬಿದ್ದು ಮಲಗಿದ್ದ ಹಿಮವನ್ನೇ ಗಾಳಿ ಎಬ್ಬಿಸಿ ಓಡಿಸುವ ಆ ನೋಟವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಲಾರಮಿಗೆ ಹೋಗುವವರು ಅಲ್ಲಿಂದ ಬೇರೆಡೆಗೆ ತಿರುಗಾಡುವ ಯೋಜನೆಯನ್ನು ಇಟ್ಟುಕೊಳ್ಳಬೇಡಿ, ಲಾರಮಿಯಲ್ಲೇ ಇರಿ. ವಯೋಮಿಂಗ್ ಎಂದ ಕೂಡಲೇ ನಮ್ಮ ಬಂಧುಗಳೆಲ್ಲ ಯೆಲ್ಲೋಸ್ಟೋನ್ ನೋಡಿಕೊಂಡು ಬನ್ನಿ ಎಂದರು. ಅದು ಅಲ್ಲಿಂದ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ, ಮೇಲಾಗಿ ಅದರ ಒಳಗಿನ ಬಹುತೇಕ ರಸ್ತೆಗಳು ಚಳಿಗಾಲದಲ್ಲಿ ಕಾರುಗಳಿಗೆ ಮುಚ್ಚಿರುತ್ತವೆ. ನಾವು ಎರಡು ಬಾರಿ ಡೆನ್ವರ್‌ಗೆ ಹೋಗಬೇಕೆಂದು ದಿನ ಗೊತ್ತು ಮಾಡಿ, ಎರಡು ಬಾರಿಯೂ ಗಾಳಿಯ ಮುನ್ಸೂಚನೆ ನೋಡಿ ಬಿಟ್ಟೆವು. ಮೊದಲ ವಾರ ಅದಕ್ಕಾಗಿ ಬೇಸರಪಟ್ಟುಕೊಂಡೆ. ಎರಡನೆಯ ವಾರದಿಂದ ಊರು ತಾನಾಗಿ ತೆರೆದುಕೊಂಡಿತು. ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.


ತುಂಗಾತೀರ
ಭಾನುವಾರ ಮಧ್ಯಾಹ್ನ

ಹಿರಿಯರಿಗೆ ನಮಸ್ಕಾರ. ನಾನು ಶಿವಮೊಗ್ಗದವಳು. ನನ್ನ ಮಗ ಕಳೆದ ಆಗಸ್ಟ್‌ನಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದಾನೆ. ಮೊದಲ ಸಲ ಮನೆ ಬಿಟ್ಟಿರುವ ಹುಡುಗ. ಬರುವ ಡಿಸೆಂಬರಿನಲ್ಲಿ ಹೋಗಬೇಕೆಂದು ನಾವಿಬ್ಬರೂ ವೀಸಾ ಮಾಡಿಸಿಕೊಂಡಿದ್ದೇವೆ. ನಿಮ್ಮ ಬರಹ ಓದಿದ ಮೇಲೆ ಸಂತೋಷವೂ ಆಯಿತು, ಅಳುಕೂ ಆಯಿತು. ಊರು ಖಾಲಿಯಾಗಿರುತ್ತದೆ ಎಂದಿದ್ದೀರಿ; ಹಾಗಾದರೆ ಅಷ್ಟು ದಿನ ಅಲ್ಲಿ ನೋಡುವುದೇನು, ಮಾಡುವುದೇನು? ನಾನು ಸಸ್ಯಾಹಾರಿ. ಅಡುಗೆ ಸಾಮಾನು ಅಲ್ಲಿ ಸಿಗುತ್ತದೆಯೇ, ಇಲ್ಲಿಂದಲೇ ಒಯ್ಯಬೇಕೇ? ನನ್ನ ಯಜಮಾನರಿಗೆ ಐವತ್ತೆಂಟು ವರ್ಷ, ಸ್ವಲ್ಪ ಬಿಪಿ ಇದೆ. ದಯವಿಟ್ಟು ವಿವರವಾಗಿ ತಿಳಿಸಬೇಕು.


ಒಲೆಯ_ಮುಂದೆ
ಭಾನುವಾರ ಸಂಜೆ

ತುಂಗಾತೀರ ಅವರೇ, ಅಡುಗೆಯ ವಿಷಯವನ್ನು ನಾನು ಹೇಳುತ್ತೇನೆ. ನನ್ನ ಪತಿ ಅಲ್ಲಿ ಪಿಎಚ್‌ಡಿ ಮಾಡುವಾಗ ಮೂರು ವರ್ಷ ಲಾರಮಿಯಲ್ಲಿ ಸಂಸಾರ ಮಾಡಿದವಳು ನಾನು, ಈಗ ಬೆಂಗಳೂರಿನಲ್ಲಿದ್ದೇನೆ.

ಆ ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ತೊಂಬತ್ತಮೂರರ ಆಸುಪಾಸಿನಲ್ಲೇ ಕುದಿಯಲು ತೊಡಗುತ್ತದೆ. ಕಣ್ಣಿಗೆ ಕೊತಕೊತ ಕುದಿಯುವಂತೆ ಕಂಡರೂ ಬೇಯಿಸುವ ಕಾವು ಅದರಲ್ಲಿರುವುದಿಲ್ಲ. ಹೋದ ಹೊಸತರಲ್ಲಿ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿಟ್ಟು ಒಂದೂವರೆ ಗಂಟೆ ಕಾದೆ. ಸೌಟಿನಲ್ಲಿ ತೆಗೆದು ಬೆರಳ ನಡುವೆ ಹಿಸುಕಿದರೆ ಒಳಗಿನ ಬಿಳಿ ಹಾಗೆಯೇ ಇತ್ತು. ಆದ್ದರಿಂದ ಪ್ರೆಷರ್ ಕುಕ್ಕರ್ ಇಲ್ಲದೆ ಅಲ್ಲಿ ಸಾರು-ಹುಳಿಯ ಮಾತೇ ಇಲ್ಲ. ಕುಕ್ಕರಿನ ಒಳಗೂ ಇಲ್ಲಿನಷ್ಟು ಕಾವು ಏರುವುದಿಲ್ಲ, ಏಕೆಂದರೆ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಇಲ್ಲಿ ಮೂರು ಸೀಟಿಗೆ ಬೇಯುವ ಬೇಳೆಗೆ ಅಲ್ಲಿ ಐದು ಸೀಟಿ ಹಿಡಿಯಿರಿ. ಕಡಲೆ, ಅಲಸಂದೆಗಳನ್ನು ರಾತ್ರಿಯೇ ನೆನೆಹಾಕಿ. ಮಗನ ಮನೆಯಲ್ಲಿರುವ ಕುಕ್ಕರ್ ಯಾವ ಕಂಪನಿಯದು, ಎಷ್ಟು ಲೀಟರಿನದು ಎಂದು ಈಗಲೇ ಕೇಳಿಕೊಂಡು ಅದಕ್ಕೆ ಸರಿಹೋಗುವ ಎರಡು ಗ್ಯಾಸ್ಕೆಟ್ ಮತ್ತು ಒಂದು ಸೇಫ್ಟಿ ವಾಲ್ವ್ ಒಯ್ಯಿರಿ. ಬೇಳೆಗಿಂತ ಅವೇ ಮುಖ್ಯ.

ದೋಸೆಹಿಟ್ಟು ಅಲ್ಲಿನ ಚಳಿಗೆ ಹುಳಿ ಬರುವುದಿಲ್ಲವೆಂದು ಹೆದರಬೇಡಿ. ಓವನ್ ಹೊತ್ತಿಸದೆ, ಅದರ ಒಳದೀಪವನ್ನಷ್ಟೇ ಹಾಕಿ ಪಾತ್ರೆಯನ್ನು ರಾತ್ರಿಯಿಡೀ ಒಳಗಿಟ್ಟರೆ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ದೊಡ್ಡ ಪಾತ್ರೆಯನ್ನೇ ಇಡಿ, ಇಲ್ಲವಾದರೆ ಓವನ್ ತೊಳೆಯುವ ಕೆಲಸ ನಿಮ್ಮದಾಗುತ್ತದೆ. ಅಕ್ಕಿ, ಹಾಲು, ಮೊಸರು, ತರಕಾರಿ ಊರಿನಲ್ಲೇ ಸಿಗುತ್ತವೆ. ನಮ್ಮ ದಿನಸಿಗೆ ನಾವು ತಿಂಗಳಿಗೊಮ್ಮೆ ಫೋರ್ಟ್ ಕಾಲಿನ್ಸ್‌ಗೆ, ನೂರು ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತಿದ್ದೆವು. ಚಳಿಗಾಲದಲ್ಲಿ ಆ ದಾರಿಯನ್ನು ನೆಚ್ಚಿಕೊಳ್ಳದೆ ಸಾರಿನಪುಡಿ, ಹುಳಿಪುಡಿ, ಮೆಂತ್ಯದಹಿಟ್ಟು ಇಲ್ಲಿಂದಲೇ ಒಯ್ಯಿರಿ.

ರಜೆಯಲ್ಲಿ ಊರಿಗೆ ಹೋಗಲಾಗದೆ ಉಳಿದ ಹೊರದೇಶದ ಮಕ್ಕಳು ಅಲ್ಲಿ ಬಹಳ ಮಂದಿ ಇರುತ್ತಾರೆ. ನಿಮ್ಮ ಮಗನಿಗೆ ಹೇಳಿ ಅಂಥ ನಾಲ್ಕು ಮಕ್ಕಳನ್ನು ಒಂದು ದಿನ ಊಟಕ್ಕೆ ಕರೆಯಿರಿ. ನಾವು ಪ್ರತಿ ಡಿಸೆಂಬರಿನಲ್ಲೂ ಕರೆಯುತ್ತಿದ್ದೆವು. ನೇಪಾಳದ ಒಬ್ಬ ಹುಡುಗ ಬಿಸಿಬೇಳೆಬಾತ್ ತಿನ್ನುತ್ತಾ ತಟ್ಟೆಯಿಂದ ತಲೆ ಎತ್ತದೆ ಅತ್ತದ್ದನ್ನು ನಾನು ಇಂದಿಗೂ ಮರೆತಿಲ್ಲ.


ಸಿವಿಲ್_ಫೋರ್ಟ್‌ಕಾಲಿನ್ಸ್
ಭಾನುವಾರ ರಾತ್ರಿ

ನಾನು ಕೊಲರಾಡೋದಲ್ಲಿ ಹದಿನಾರು ವರ್ಷದಿಂದ ರಸ್ತೆ ವಿನ್ಯಾಸದ ಕೆಲಸ ಮಾಡುತ್ತಿರುವ ದಾವಣಗೆರೆಯವನು. ಹುಬ್ಬಳ್ಳಿಯ ಸರ್ ಹೇಳಿದ ಹೆದ್ದಾರಿಯ ಕಥೆ ನಮ್ಮ ವೃತ್ತಿಯವರಿಗೆ ಪಾಠವಿದ್ದಂತೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ಇಂಟರ್‌ಸ್ಟೇಟ್ 80 ಎಂಬ ಆ ಹೆದ್ದಾರಿ ನ್ಯೂಜೆರ್ಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹೋಗುತ್ತದೆ. ಅದರ ಇಡೀ ಉದ್ದದಲ್ಲಿ ಅತಿ ಎತ್ತರದ ಜಾಗ ಶಯೆನ್ ಮತ್ತು ಲಾರಮಿಗಳ ನಡುವೆ, 8,640 ಅಡಿಯಲ್ಲಿದೆ. ಅಲ್ಲಿ ಅಬ್ರಹಾಂ ಲಿಂಕನ್ನರ ತಲೆಯ ಬೃಹತ್ ಕಂಚಿನ ಶಿಲ್ಪವೊಂದು ಇದೆ; ವಯೋಮಿಂಗ್ ವಿಶ್ವವಿದ್ಯಾಲಯದ ಕಲಾ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ರಸಿನ್ 1959ರಲ್ಲಿ ಮಾಡಿದ್ದು. ಆದರೆ ಹೆಚ್ಚು ತೊಂದರೆ ಕೊಡುವುದು ಲಾರಮಿಯ ಪಶ್ಚಿಮದ ಭಾಗ. ಹಳೆಯ ರಸ್ತೆ ರಾಕ್ ರಿವರ್, ಮೆಡಿಸಿನ್ ಬೋ ಊರುಗಳ ಮೂಲಕ ಉತ್ತರಕ್ಕೆ ಬಳಸಿಕೊಂಡು ಹೋಗುತ್ತಿತ್ತು. ದೂರ ಉಳಿಸುವ ಸಲುವಾಗಿ ಹೊಸ ಹೆದ್ದಾರಿಯನ್ನು ಎಲ್ಕ್ ಬೆಟ್ಟದ ಬುಡಕ್ಕೆ ನೇರವಾಗಿ ಎಳೆದರು. ಅಲ್ಲಿ ದನ ಕಾಯುವವರು, ಹಳಬರು, ಆ ಕಡೆ ಗಾಳಿ ಬಿಡುವುದಿಲ್ಲ, ಬೇಡ ಎಂದು ಮೊದಲೇ ಹೇಳಿದ್ದರು. 1970ರ ಅಕ್ಟೋಬರಿನಲ್ಲಿ ರಸ್ತೆ ತೆರೆಯಿತು. ಮೊದಲ ಚಳಿಗಾಲದಲ್ಲೇ ಹಳಬರ ಮಾತು ನಿಜವಾಯಿತು.

ಆಮೇಲೆ ಬಂದದ್ದು ಹಿಮದ ಬೇಲಿ. ರೊನಾಲ್ಡ್ ಟ್ಯಾಬ್ಲರ್ ಎಂಬ ಸಂಶೋಧಕರು ಲಾರಮಿಯಲ್ಲೇ ಇದ್ದುಕೊಂಡು ಇದನ್ನು ಶಾಸ್ತ್ರಬದ್ಧವಾಗಿ ಬೆಳೆಸಿದರು, 1971ರಿಂದ ಹೆದ್ದಾರಿಯ ಉದ್ದಕ್ಕೂ ಅಂಥ ಬೇಲಿಗಳು ಎದ್ದವು. ದಾರಿಯಲ್ಲಿ ಹೋಗುವಾಗ ಹುಲ್ಲುಗಾವಲಿನ ನಡುವೆ ಆಳೆರಡಾಳು ಎತ್ತರದ, ಸ್ವಲ್ಪ ವಾಲಿಸಿ ನಿಲ್ಲಿಸಿದ ಮರದ ಪಟ್ಟಿಗಳ ಗೋಡೆಗಳು ಕಾಣುತ್ತವೆ. ಗೊತ್ತಿಲ್ಲದವರು ದನದ ದೊಡ್ಡಿ ಮುರಿದು ಬಿದ್ದಿದೆ ಎಂದುಕೊಳ್ಳುತ್ತಾರೆ. ಆ ಬೇಲಿ ಹಿಮವನ್ನು ತಡೆದು ನಿಲ್ಲಿಸುವ ಗೋಡೆಯಲ್ಲ. ಅದರಲ್ಲಿ ಅರ್ಧದಷ್ಟು ಸಂದು ಬಿಟ್ಟಿರುತ್ತಾರೆ. ಸಂದಿನಲ್ಲಿ ನುಗ್ಗಿದ ಗಾಳಿ ವೇಗ ಕಳೆದುಕೊಂಡು ತಾನು ಹೊತ್ತ ಹಿಮವನ್ನು ಬೇಲಿಯ ಆಚೆ ಬದಿಗೆ ಇಳಿಸಿಬಿಡುತ್ತದೆ. ಹಾಗೆ ಇಳಿದ ಹಿಮದ ದಿಬ್ಬ ಬೇಲಿಯ ಎತ್ತರದ ಮೂವತ್ತೈದು ಪಟ್ಟು ದೂರದವರೆಗೂ ಚಾಚಿಕೊಳ್ಳಬಹುದು, ಆದ್ದರಿಂದ ಬೇಲಿಯನ್ನು ರಸ್ತೆಯಿಂದ ಅಷ್ಟು ದೂರ, ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ನಿಲ್ಲಿಸುತ್ತಾರೆ. ಬೇಲಿಯ ಬುಡದಲ್ಲೂ ಒಂದಷ್ಟು ತೆರವು ಬಿಡಬೇಕು, ಇಲ್ಲವಾದರೆ ಬೇಲಿಯೇ ಹೂತುಹೋಗುತ್ತದೆ.

ಬೇಲಿ ಬಂದ ಮೇಲೂ ಗಾಳಿ ಇದ್ದೇ ಇದೆ. ಖಾಲಿ ಟ್ರೇಲರ್ ಎಳೆಯುವ ಲಾರಿಗಳು ಅಲ್ಲಿ ಮಗುಚಿಕೊಳ್ಳುತ್ತವೆ. ಹಗುರವಾದ, ಎತ್ತರದ ವಾಹನಗಳಿಗೆ ಮಾತ್ರ ಪ್ರವೇಶವಿಲ್ಲ ಎಂದು ಎಷ್ಟೋ ದಿನ ಫಲಕ ಹಾಕಿರುತ್ತಾರೆ. ರಾಜ್ಯದ ಸಾರಿಗೆ ಇಲಾಖೆಯ 511 ಸಂಖ್ಯೆಯ ಮಾಹಿತಿ ಸೇವೆಯಲ್ಲಿ ಯಾವ ಗೇಟು ಮುಚ್ಚಿದೆ, ಯಾವಾಗ ತೆರೆಯಬಹುದು ಎಂಬುದು ಸಿಗುತ್ತದೆ, ರಸ್ತೆಯ ಕ್ಯಾಮೆರಾ ಚಿತ್ರಗಳೂ ಇವೆ. ಮುಚ್ಚಿದ ಹೆದ್ದಾರಿಗೆ ಬದಲಾಗಿ ಫೋನಿನ ನಕ್ಷೆ ಯಾವುದಾದರೂ ಮಣ್ಣಿನ ರಸ್ತೆ ತೋರಿಸಿದರೆ ಯಾವ ಕಾರಣಕ್ಕೂ ಅದಕ್ಕೆ ಇಳಿಯಬೇಡಿ. ವಾಪಸ್ ವಿಮಾನಕ್ಕೆ ಹಿಂದಿನ ದಿನವೇ ಡೆನ್ವರ್ ಸೇರಿಕೊಂಡರೆ ಕ್ಷೇಮ. ಕಾರಿನಲ್ಲಿ ಹೊದಿಕೆ, ನೀರು, ತಿಂಡಿ, ತುಂಬಿದ ಟ್ಯಾಂಕ್ ಇರಲೇಬೇಕು.


ಹುಬ್ಬಳ್ಳಿ_ನಿವೃತ್ತ
ಸೋಮವಾರ ಬೆಳಿಗ್ಗೆ

ದಾವಣಗೆರೆಯವರು ಬರೆದದ್ದನ್ನು ಓದಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಯೂನಿಯನ್ ಪೆಸಿಫಿಕ್ ರೈಲುಮಾರ್ಗ ಲಾರಮಿಗೆ ಬಂದದ್ದು 1868ರಲ್ಲಿ. ಅಂದಿನ ಸರ್ವೆಯವರು ಹಾಕಿದ ಮಾರ್ಗ ಇಂದಿಗೂ ರಾಕ್ ರಿವರ್, ಮೆಡಿಸಿನ್ ಬೋಗಳ ಮೂಲಕವೇ ಬಳಸಿ ಹೋಗುತ್ತದೆ. ನೂರು ವರ್ಷದ ನಂತರ ಬಂದ ಹೆದ್ದಾರಿ ಆ ಜಾಡನ್ನು ಬಿಟ್ಟು ಕಷ್ಟಕ್ಕೆ ಸಿಕ್ಕಿತು. ಹಳಿ ಹಾಕುವವನು ಏರಿಗೂ ಗಾಳಿಗೂ ತಲೆಬಾಗಿ ನಡೆಯಬೇಕಾಗುತ್ತದೆ, ಅದನ್ನು ನಮ್ಮ ಬ್ರಗಾಂಝಾ ಘಾಟಿನ ಮಾರ್ಗ ಕಂಡವರೆಲ್ಲ ಒಪ್ಪುತ್ತಾರೆ.

ಸಹೋದರಿ ತುಂಗಾತೀರ ಅವರೇ, ನೋಡುವುದೇನು ಎಂದು ಕೇಳಿದ್ದೀರಿ. ನಾನು ಐದು ವಾರದಲ್ಲಿ ಹೆಚ್ಚು ಹೊತ್ತು ಕಳೆದದ್ದು ಪೇಟೆಯ ಪಕ್ಕದ ರೈಲ್ವೆ ಯಾರ್ಡಿನ ಮೇಲಿರುವ ಕಾಲುಸೇತುವೆಯಲ್ಲಿ. ಊರು ಹುಟ್ಟಿದ್ದೇ ಆ ರೈಲಿನಿಂದ, ಆದರೆ 1997ರಲ್ಲಿ ಪ್ರಯಾಣಿಕರ ಗಾಡಿ ನಿಂತುಹೋಗಿ ಈಗ ಬರೀ ಗೂಡ್ಸ್ ಗಾಡಿಗಳು ಹೋಗುತ್ತವೆ. 1924ರ ನಿಲ್ದಾಣದ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ. ನಮ್ಮಲ್ಲಿ ಕಲ್ಲಿದ್ದಲು ಹೊರುವ ಒಂದು ರೇಕಿಗೆ ಐವತ್ತೆಂಟು ವ್ಯಾಗನ್. ಅಲ್ಲಿ ಒಂದು ಬೆಳಿಗ್ಗೆ ಒಂದೇ ಗಾಡಿಯಲ್ಲಿ ನೂರ ಮೂವತ್ತೊಂದು ಎಣಿಸಿದೆ. ಕಂಟೇನರುಗಳನ್ನು ಒಂದರ ಮೇಲೊಂದು ಹೇರಿದ ಗಾಡಿ ಸೇತುವೆಯ ಕೆಳಗೆ ಹಾಯುವಾಗ ಕಾಲಡಿಯ ಹಲಗೆ ನಡುಗುತ್ತದೆ. ಮೊದಲು ಬಂದ ನಾಲ್ಕು ಎಂಜಿನ್ನು ದೂರದ ತಿರುವಿನಲ್ಲಿ ಮರೆಯಾದ ಮೇಲೂ ಗಾಡಿ ಮುಗಿದಿರುವುದಿಲ್ಲ. ಮುಗಿಯಿತೆಂದುಕೊಳ್ಳುವಾಗ ಹಿಂದಿನಿಂದ ತಳ್ಳುವ ಇನ್ನೊಂದು ಎಂಜಿನ್ನು ಬರುತ್ತದೆ. ಹಿಮದ ಮೇಲೆ ಬ್ರೇಕಿನ ಬಿಸಿ ವಾಸನೆ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆ ವಾಸನೆ ಹುಬ್ಬಳ್ಳಿಯದೇ.

ವಿಶ್ವವಿದ್ಯಾಲಯದ ಆವರಣ ಖಾಲಿ ಇರುವಾಗಲೇ ಚೆನ್ನಾಗಿ ನೋಡಬಹುದು. 1886ರಲ್ಲಿ ಅದನ್ನು ಸ್ಥಾಪಿಸಿದಾಗ ವಯೋಮಿಂಗ್ ಇನ್ನೂ ರಾಜ್ಯವೇ ಆಗಿರಲಿಲ್ಲ, ರಾಜ್ಯವಾದದ್ದು 1890ರಲ್ಲಿ. ಮೊದಲ ಕಟ್ಟಡವೂ ಅನಂತರದ ಹಲವು ಕಟ್ಟಡಗಳೂ ಅಲ್ಲಿನ ಮರಳುಗಲ್ಲಿನವು. ನಾಲ್ಕೂವರೆಗೆ ಸೂರ್ಯ ಮುಳುಗುವಾಗ ಕಲ್ಲಿಗೆ ಬೆಲ್ಲದ ಬಣ್ಣ ಬರುತ್ತದೆ. ಭೂವಿಜ್ಞಾನದ ಮ್ಯೂಸಿಯಂ ರಜೆಗೆ ಮುಚ್ಚಿತ್ತು, ಆದರೆ ಅದರ ಹೊರಗೆ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ನೈಟ್ ಅವರು ತಾಮ್ರದ ತಗಡು ಹೊದಿಸಿ ಮಾಡಿದ ನಿಜಗಾತ್ರದ ಟೈರನೋಸಾರಸ್ ಬೆನ್ನ ಮೇಲೆ ಹಿಮ ಹೊತ್ತು ನಿಂತಿತ್ತು.

ಆವರಣದ ಒಂದು ಬೆಂಚಿನ ಬಳಿ ಮಗಳು ನನ್ನನ್ನು ನಿಲ್ಲಿಸಿದಳು. ಅದರ ಮೇಲೆ ಮ್ಯಾಥ್ಯೂ ಶೆಪರ್ಡ್ ಎಂಬ ಹೆಸರಿತ್ತು. ಆ ಹುಡುಗ ಅಲ್ಲಿನ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷ. 1998ರ ಅಕ್ಟೋಬರಿನಲ್ಲಿ ಇಬ್ಬರು ಅವನನ್ನು ಊರ ಹೊರಗೆ ಒಯ್ದು, ಹೊಡೆದು, ಬೇಲಿಗೆ ಕಟ್ಟಿ ಹೋದರು. ಕೆಲವು ದಿನಗಳ ನಂತರ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಅವನು ಸಲಿಂಗಪ್ರೇಮಿಯಾಗಿದ್ದ ಎಂಬುದು ಆ ದ್ವೇಷದ ಮೂಲ. ದ್ವೇಷದಿಂದ ನಡೆಯುವ ಅಪರಾಧಗಳ ವಿರುದ್ಧ 2009ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮಾಡಿದ ಕಾನೂನಿಗೆ ಅವನ ಹೆಸರೂ ಇದೆ. ಮಕ್ಕಳನ್ನು ದೂರದ ಊರಿಗೆ ಕಳಿಸಿದ ತಂದೆಯಾಗಿ ಆ ಬೆಂಚಿನ ಮುಂದೆ ನನಗೆ ಮಾತು ಹೊರಡಲಿಲ್ಲ. ಮಗಳು ಕೈಗವಸಿನಿಂದ ಹೆಸರಿನ ಮೇಲಿನ ಹಿಮ ಒರೆಸಿದಳು.


ಮೈಸೂರು_ಪ್ರವಾಸಿ
ಸೋಮವಾರ ಮಧ್ಯಾಹ್ನ

ಹಿರಿಯರ ಅನುಭವಕ್ಕೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಒಂದು ಸಲದ ಪ್ರಯಾಣಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಹೋಗುವವರು ಡಿಸೆಂಬರಿನಲ್ಲಿ ಏಕೆ ಹೋಗಬೇಕು? ನಾನು ಜುಲೈಯಲ್ಲಿ ಹೋಗಿದ್ದೆ. ಊರಿನ ಪಶ್ಚಿಮದ ಸ್ನೋಯಿ ರೇಂಜ್ ಮೇಲೆ 10,847 ಅಡಿ ಎತ್ತರದ ಕಣಿವೆದಾರಿಯಲ್ಲಿ ಕಾರಿನಲ್ಲೇ ಹೋಗಿ, ಸರೋವರದ ದಡದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಚಳಿಗಾಲದಲ್ಲಿ ಆ ದಾರಿಯನ್ನು ಮೇ ಕೊನೆಯವರೆಗೆ ಮುಚ್ಚಿಬಿಡುತ್ತಾರೆ. ಜುಲೈ 10 ವಯೋಮಿಂಗ್ ರಾಜ್ಯವಾದ ದಿನ; ಆ ಸುಮಾರಿಗೆ ಲಾರಮಿಯಲ್ಲಿ ಜೂಬಿಲಿ ಡೇಸ್ ಎಂಬ ಊರಹಬ್ಬ, ಮೆರವಣಿಗೆ, ರೋಡಿಯೋ ಎಲ್ಲ ಇರುತ್ತವೆ. ಬಿಪಿ ಇರುವವರನ್ನು ಮೈನಸ್ ಹದಿನೈದರ ಚಳಿಗೆ ಕರೆದುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ತುಂಗಾತೀರ ಅವರು ಟಿಕೆಟ್ ತೆಗೆಯುವ ಮೊದಲು ಇನ್ನೊಮ್ಮೆ ಯೋಚಿಸಲಿ.


ಕಲ್ಲು_ಹೊಸಪೇಟೆ
ಸೋಮವಾರ ಸಂಜೆ

ಭೂವಿಜ್ಞಾನದ ಅಧ್ಯಾಪಕನಾಗಿ ಒಂದು ಮಾತು ಸೇರಿಸುತ್ತೇನೆ. ಶಯೆನ್‌ನಿಂದ ಲಾರಮಿಗೆ ಬರುವಾಗ ವೀಡವೂ ಎಂಬಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂಥ ದುಂಡು ಬಂಡೆಗಳು ಹೆದ್ದಾರಿಯಿಂದಲೇ ಕಾಣುತ್ತವೆ. ಆ ಹೆಸರು ಅರಪಾಹೋ ಜನರ ಭಾಷೆಯಿಂದ ಬಂದದ್ದು, ನೆಲದಿಂದ ಹುಟ್ಟಿದ್ದು ಎಂದು ಅರ್ಥ ಹೇಳುತ್ತಾರೆ. ಚಿತ್ರದಲ್ಲಿ ನೋಡಿದವರು ಹಂಪಿ ಎಂದೇ ಭ್ರಮಿಸುತ್ತಾರೆ, ಭ್ರಮೆಗೆ ಕಾರಣವೂ ಇದೆ. ಎರಡೂ ಗ್ರಾನೈಟ್, ನೆಲದಾಳದಲ್ಲಿ ತಣಿದು ಗಟ್ಟಿಯಾದ ಕಲ್ಲಿನಲ್ಲಿ ಅಡ್ಡ-ಉದ್ದ ಬಿರುಕು ಬಿಟ್ಟು, ಆ ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳನ್ನು ತಿಂದು ದುಂಡಗೆ ಮಾಡಿದೆ. ಅಲ್ಲಿನ ಶರ್ಮನ್ ಗ್ರಾನೈಟಿಗೆ ಸುಮಾರು 140 ಕೋಟಿ ವರ್ಷ. ಹಂಪಿಯ ಕಲ್ಲು ಸೇರಿರುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ; ಕ್ಲೋಸ್‌ಪೇಟೆ ಎಂಬುದು ನಮ್ಮ ರಾಮನಗರದ ಹಳೆಯ ಹೆಸರು. ಹಾಗಾಗಿ ನಮ್ಮದು ಅಣ್ಣ, ಅದು ತಮ್ಮ. ಅಲ್ಲಿನ ಬಂಡೆಗೆ ಹೆಚ್ಚು ಗುಲಾಬಿ ಛಾಯೆ ಇದೆ. ಚಳಿಗಾಲದಲ್ಲಿ ಬುಡದವರೆಗೆ ಕಾರು ಹೋಗದಿದ್ದರೂ ಗಾಳಿಯಿಲ್ಲದ ಹಗಲಿನಲ್ಲಿ ದೂರದಿಂದ ನೋಡಬಹುದು.


ಹುಬ್ಬಳ್ಳಿ_ನಿವೃತ್ತ
ಸೋಮವಾರ ರಾತ್ರಿ

ಮೈಸೂರಿನ ಮಿತ್ರರು ಹೇಳಿದ್ದು ಪ್ರವಾಸದ ದೃಷ್ಟಿಯಿಂದ ಸರಿಯೇ. ಜುಲೈಯಲ್ಲಿ ಕಣ್ಣಿಗೆ ಹೆಚ್ಚು ಸಿಗುತ್ತದೆ. ಆದರೆ ನನ್ನ ಮಗಳಿಗೆ ಬೇಸಿಗೆಯಲ್ಲಿ ಬಿಡುವಿರುವುದಿಲ್ಲ; ಅದು ಅವಳ ಕ್ಷೇತ್ರಕಾರ್ಯದ ಕಾಲ, ನಾವು ಹೋಗಿದ್ದರೆ ಬೀಗ ಹಾಕಿದ ಮನೆಯಲ್ಲಿ ಇಬ್ಬರೇ ಕೂತಿರಬೇಕಿತ್ತು. ಡಿಸೆಂಬರಿನಲ್ಲಿ ಪ್ರಯೋಗಾಲಯ ಮುಚ್ಚುತ್ತದೆ, ಸಹಪಾಠಿಗಳು ಊರಿಗೆ ಹೋಗುತ್ತಾರೆ, ನಾಲ್ಕೂವರೆಗೆ ಕತ್ತಲಾಗುತ್ತದೆ, ಉಳಿದ ಮಕ್ಕಳಿಗೆ ಒಂಟಿತನ ಹೆಚ್ಚುವುದೂ ಆಗಲೇ. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಅವಳು ಹದಿನೇಳು ದಿನ ಯಾರೊಡನೆಯೂ ಎದುರುಬದುರು ಮಾತಾಡಿರಲಿಲ್ಲವಂತೆ. ಫೋನಿನಲ್ಲಿ ನಮಗೆ ಆರಾಮ ಇದ್ದೇನೆ ಎನ್ನುತ್ತಿದ್ದಳು. ಇದನ್ನು ಹೇಳಿದ್ದು ಅಲ್ಲಿಗೆ ಹೋದ ಮೇಲೆ, ಒಂದು ರಾತ್ರಿ ರೊಟ್ಟಿ ಬಡಿಯುತ್ತಿದ್ದ ತಾಯಿಯ ಪಕ್ಕ ಕೂತು. ಊರು ನೋಡಲು ಹೋಗುವವರು ಜುಲೈಯಲ್ಲಿ ಹೋಗಲಿ. ಮಗುವನ್ನು ನೋಡಲು ಹೋಗುವವರು ಡಿಸೆಂಬರಿನಲ್ಲೇ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಪಿಯ ಬಗ್ಗೆ ವೈದ್ಯರ ಮಾತೇ ಅಂತಿಮ. ಅವರು ಒಪ್ಪಿದರೆ, ಬಂದ ಮೊದಲ ಮೂರು ದಿನ ಮನೆಯಲ್ಲೇ ವಿಶ್ರಾಂತಿ, ಬಾಯಾರದಿದ್ದರೂ ನೀರು, ಔಷಧಿ ಎರಡು ವಾರಕ್ಕೆ ಹೆಚ್ಚಾಗಿಯೇ ಕೈಚೀಲದಲ್ಲಿ. ಪ್ರವಾಸಿ ಆರೋಗ್ಯ ವಿಮೆ ಇಲ್ಲದೆ ಹೊರಡಬೇಡಿ, ಹಳೆಯ ಕಾಯಿಲೆಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಓದಿಯೇ ಸಹಿ ಮಾಡಿ. ಚಳಿ ಹಗಲು ಸೊನ್ನೆಯ ಆಸುಪಾಸು, ರಾತ್ರಿ ಮೈನಸ್ ಹತ್ತಕ್ಕೂ ಕೆಳಗೆ. ಮನೆಯೊಳಗೆ ಬೆಚ್ಚಗಿರುತ್ತದೆ, ತೊಂದರೆ ಕೊಡುವುದು ಗಾಳಿ. ಸ್ವೆಟರ್ ಮೇಲೆ ಸ್ವೆಟರ್ ಹಾಕುವುದಕ್ಕಿಂತ ಗಾಳಿ ತಡೆಯುವ ಒಂದು ಮೇಲುಕೋಟು ಅಲ್ಲೇ ಕೊಳ್ಳುವುದು ಉತ್ತಮ.

ಇನ್ನೆರಡು ಸ್ಥಳ ಹೇಳಲೇಬೇಕು. ಎರಡನೆಯ ಬೀದಿಯಲ್ಲಿ ಲೂಯಿಸಾ ಸ್ವೇನ್ ಎಂಬ ಅಜ್ಜಿಯ ಪ್ರತಿಮೆ ಇದೆ. ವಯೋಮಿಂಗ್ ಇನ್ನೂ ಪ್ರಾಂತ್ಯವಾಗಿದ್ದಾಗ, 1869ರ ಡಿಸೆಂಬರ್ 10ರಂದು, ಹೆಂಗಸರಿಗೆ ಮತ ಕೊಡುವ ಕಾನೂನು ಅಲ್ಲಿ ಜಾರಿಯಾಯಿತು. ಮರುವರ್ಷ ಸೆಪ್ಟೆಂಬರ್ 6ರಂದು, ಆ ಕಾನೂನಿನಡಿ ಮೊದಲ ಮತ ಹಾಕಿದವರು ಇದೇ ಲಾರಮಿಯ ಈ ಅಜ್ಜಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ. ಕೈಯಲ್ಲಿ ಯೀಸ್ಟ್ ತರಲು ಹಿಡಿದಿದ್ದ ಪುಟ್ಟ ಡಬ್ಬಿಯೊಂದಿಗೇ ಹೋಗಿದ್ದರಂತೆ. ನಮ್ಮ ಮನೆಯವರು ಆ ಪ್ರತಿಮೆಯ ಮುಂದೆ ನಿಂತು, ಬೇರೆಲ್ಲೂ ಬೇಡವೆಂದಿದ್ದವರು, ಫೋಟೋ ತೆಗೆಯಿರಿ ಎಂದರು.

ಇನ್ನೊಂದು ಏಮ್ಸ್ ಸ್ಮಾರಕ. ಬಯಲಿನ ನಡುವೆ ಒಂಟಿಯಾಗಿ ನಿಂತ 60 ಅಡಿಯ ಗ್ರಾನೈಟ್ ಪಿರಮಿಡ್, ಯೂನಿಯನ್ ಪೆಸಿಫಿಕ್ ಕಟ್ಟಿಸಿದ ಏಮ್ಸ್ ಸಹೋದರರ ನೆನಪಿಗೆ 1882ರಲ್ಲಿ ಮುಗಿದದ್ದು. ಮಾರ್ಗದ ಅತಿ ಎತ್ತರದ ಜಾಗ ಅದಾಗಿತ್ತು, ಪಕ್ಕದಲ್ಲಿ ಶರ್ಮನ್ ಎಂಬ ಊರೂ ಇತ್ತು. ಮುಂದೆ ಹಳಿಯನ್ನು ಬೇರೆಡೆಗೆ ಸರಿಸಿದರು, ಊರು ಅಳಿದುಹೋಯಿತು. ಗಾಳಿ ಸುಮ್ಮನಿದ್ದ ಒಂದು ಮಧ್ಯಾಹ್ನ ಮಗಳು ಕರೆದೊಯ್ದಳು. ಹಳೆಯ ಹಳಿಯ ಏರಿಯ ಗುರುತು ಹಿಮದ ಕೆಳಗೂ ತಿಳಿಯುತ್ತಿತ್ತು. ನಾನು ಅದರ ಮೇಲೆ ಇನ್ನೂರು ಹೆಜ್ಜೆ ನಡೆದೆ.


ತುಂಗಾತೀರ
ಮಂಗಳವಾರ ಬೆಳಿಗ್ಗೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮಗನಿಗೆ ಫೋನ್ ಮಾಡಿ, ಕಳೆದ ಡಿಸೆಂಬರಿನಲ್ಲಿ ಏನು ಮಾಡುತ್ತಿದ್ದೆ ಎಂದು ಮೊದಲ ಬಾರಿಗೆ ಬಿಡಿಸಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೀವು ಬನ್ನಿ ಅಮ್ಮ ಎಂದ. ಈ ವಾರ ಯಜಮಾನರನ್ನು ವೈದ್ಯರಿಗೆ ತೋರಿಸಿ, ಅವರು ಒಪ್ಪಿದ ದಿನವೇ ಟಿಕೆಟ್ ತೆಗೆಯುತ್ತೇವೆ. ಕುಕ್ಕರಿನ ಕಂಪನಿಯನ್ನೂ ಕೇಳಿಕೊಂಡಿದ್ದೇನೆ. ಹಿರಿಯರಲ್ಲಿ ಒಂದು ಕೊನೆಯ ಪ್ರಶ್ನೆ: ಯಜಮಾನರಿಗೆ ರೈಲಿನ ಹುಚ್ಚು ಬಹಳ. ಆ ಸೇತುವೆಯ ಮೇಲೆ ಯಾವ ಹೊತ್ತಿಗೆ ಹೋದರೆ ಗಾಡಿ ಸಿಗುತ್ತದೆ?


ಹುಬ್ಬಳ್ಳಿ_ನಿವೃತ್ತ
ಮಂಗಳವಾರ ಮಧ್ಯಾಹ್ನ

ಗೂಡ್ಸ್ ಗಾಡಿಗೆ ಹೊರಗಿನವರಿಗೆ ತಿಳಿಯುವ ವೇಳಾಪಟ್ಟಿ ಇಲ್ಲ. ಅರ್ಧ ಗಂಟೆ ನಿಂತರೆ ಸಾಮಾನ್ಯವಾಗಿ ಒಂದಾದರೂ ಬರುತ್ತದೆ. ಪೂರ್ವದಿಂದ ಬರುವ ಗಾಡಿ ಬೆಟ್ಟ ಇಳಿದು ಬಂದಿರುತ್ತದೆ, ಪೂರ್ವಕ್ಕೆ ಹೋಗುವುದು ಏರು ಹತ್ತಲು ಹೊರಟಿರುತ್ತದೆ, ಎಂಜಿನ್ನಿನ ಸದ್ದಿನಲ್ಲೇ ವ್ಯತ್ಯಾಸ ತಿಳಿಯುತ್ತದೆ. ಬೆಳಿಗ್ಗೆ ಹತ್ತರ ನಂತರ ಹೋಗಲಿ, ಅಷ್ಟರಲ್ಲಿ ಮೆಟ್ಟಿಲ ಮೇಲಿನ ಮಂಜುಗಡ್ಡೆ ಸ್ವಲ್ಪ ಸಡಿಲವಾಗಿರುತ್ತದೆ. ಕಂಬಿ ಕಬ್ಬಿಣದ್ದು, ಬರಿಗೈಯಲ್ಲಿ ಹಿಡಿಯಬಾರದು. ಎಂಜಿನ್ನಿನ ಚಾಲಕರಿಗೆ ಕೈ ಬೀಸಿದರೆ ಅವರೂ ಬೀಸುತ್ತಾರೆ.